ಸುಂದುಬು ಜಿಗೆ: ಬಿಳಿ ಬಟ್ಟಲಿನಿಂದ ಶುರು ಮಾಡಿ ಕೆಂಪಿಗೆ ಬನ್ನಿ

ಸುಂದುಬು ಜಿಗೆ ಅಂದರೆ ಮೆತ್ತನೆಯ ತೋಫು, ಅಂದರೆ ಸೋಯಾ ಹಾಲು ಒಡೆಸಿ ಮಾಡಿದ್ದು, ಹಾಕಿದ ಕೊರಿಯಾದ ಸಾರು. ಕೊರಿಯನ್ ಧಾರಾವಾಹಿ ನೋಡುವವರಿಗೆ ಅದು ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಕಪ್ಪು ಮಣ್ಣಿನ ಬಟ್ಟಲು, ಅದರಲ್ಲಿ ಕೊತಕೊತ ಕುದಿಯುವ ಕೆಂಪು ಸಾರು, ನಡುವೆ ಮೆತ್ತನೆಯ ಬಿಳಿ ತೋಫು, ಮೇಲೊಂದು ಒಡೆದು ಹಾಕಿದ ಮೊಟ್ಟೆ. ಪಕ್ಕದಲ್ಲಿ ಅನ್ನ. ಇದನ್ನು ಮನೆಯಲ್ಲಿ ಮಾಡಿ "ಏನೋ ಸಪ್ಪೆ, ನೀರುನೀರು" ಅಂದವರು ಬಹಳ ಜನ. ಅವರೆಲ್ಲ ಹೆಚ್ಚಾಗಿ ಕೆಂಪು ಬಣ್ಣದ ಹಿಂದೆ ಬಿದ್ದವರು. ಖಾರಪುಡಿ ಯಾವುದು, ಎಷ್ಟು ಚಮಚ ಅಂತ ಹುಡುಕುತ್ತಾರೆ. ತೋಫು ಯಾವುದು, ಅದು ಎಷ್ಟು ನೀರು ಬಿಡುತ್ತದೆ, ಯಾವ ಹೊತ್ತಿಗೆ ಹಾಕಬೇಕು ಅನ್ನೋದನ್ನು ಕೇಳುವುದೇ ಇಲ್ಲ.

ಅದಕ್ಕೇ ಈ ಮಾರ್ಗದರ್ಶಿಯನ್ನು ಸ್ವಲ್ಪ ತಿರುಗಿಸಿ ಬರೆದಿದ್ದೇನೆ. ಮೊದಲು ಖಾರವೇ ಇಲ್ಲದ ಬಿಳಿ ಸುಂದುಬು ಮಾಡಿ. ಅದರ ರುಚಿ ನಾಲಿಗೆಗೆ ಹತ್ತಿದ ಮೇಲೆ ಕೆಂಪಿಗೆ ಬನ್ನಿ. ಆಮೇಲೆ ಉಳಿದ ಬಗೆಗಳೆಲ್ಲ ತಾವಾಗಿ ಕೈಗೆ ಬರುತ್ತವೆ.

ಮೊದಲು ತೋಫು

ಸೋಯಾ ಹಾಲನ್ನು ಬಿಸಿ ಮಾಡಿ ಒಡೆಸಿದರೆ ಗಂಟು ಕಟ್ಟುತ್ತದೆ. ಅದನ್ನು ಬಟ್ಟೆಯಲ್ಲಿ ಕಟ್ಟಿ ಮೇಲೆ ಭಾರ ಇಟ್ಟರೆ ಗಟ್ಟಿ ತೋಫು. ಭಾರ ಇಡುವ ಮೊದಲೇ, ನೀರಿನಲ್ಲಿ ತೇಲುತ್ತಿರುವಾಗಲೇ ಎತ್ತಿಕೊಂಡದ್ದು ಸುಂದುಬು. ಕೊರಿಯಾದ ತೋಫು ಊರುಗಳಲ್ಲಿ ಸಿಗುವುದು ಇದು. ನೋಡೋಕೆ ಒಡೆದೊಡೆದ ತುಣುಕು, ಬಾಯಲ್ಲಿ ಇಟ್ಟರೆ ಕರಗುತ್ತದೆ.

ಅಂಗಡಿಯಲ್ಲಿ ಸಿಗುವುದು ಸ್ವಲ್ಪ ಬೇರೆ. ಪ್ಲಾಸ್ಟಿಕ್ ಕೊಳವೆಯಲ್ಲಿ ತುಂಬಿಟ್ಟಿರುತ್ತಾರೆ, ಒಂದೊಂದು ಸುಮಾರು 350ರಿಂದ 400 ಗ್ರಾಂ. ಅದು ಕೊಳವೆಯೊಳಗೇ ಹೆಪ್ಪುಗಟ್ಟಿದ್ದು, ಹಾಗಾಗಿ ತುಣುಕು ತುಣುಕಾಗಿರದೆ ಒಂದೇ ಸಮ ನುಣುಪಾಗಿರುತ್ತದೆ. ಹೋಟೆಲುಗಳ ಕೆಂಪು ಜಿಗೆಯಲ್ಲಿ ಹೆಚ್ಚಾಗಿ ಬಳಸುವುದು ಇದನ್ನೇ. ಹೊರದೇಶದಲ್ಲಿರುವ ಕನ್ನಡಿಗರಿಗೆ ಎಚ್ ಮಾರ್ಟ್ ತರಹದ ಕೊರಿಯನ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಬೆಂಗಳೂರಿನಲ್ಲಿ ಕೊರಿಯನ್ ಸಾಮಾನಿನ ಅಂಗಡಿ ಅಥವಾ ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಹುಡುಕಿ. ಇಲ್ಲದಿದ್ದರೆ 'ಸಿಲ್ಕನ್ ತೋಫು' ಅಂತ ಬರೆದ ಟೆಟ್ರಾ ಪ್ಯಾಕ್ ತನ್ನಿ, ನಡೆಯುತ್ತದೆ.

ನಡೆಯದೇ ಇರುವುದು ಯಾವುದು ಅಂತಲೂ ಹೇಳಿಬಿಡುತ್ತೇನೆ. ಮಾಮೂಲಿ ಗಟ್ಟಿ ತೋಫು ಬೇಡ. ಅದರಿಂದ ಮಾಡುವ ಬೇರೆಯೇ ಜಿಗೆ ಕೊರಿಯಾದಲ್ಲಿದೆ, ಅದೂ ಚೆನ್ನಾಗಿರುತ್ತದೆ, ಆದರೆ ಅದು ಸುಂದುಬು ಅಲ್ಲ. ಪನೀರ್ ಅಂತೂ ಬೇಡವೇ ಬೇಡ.

ಮನೆಯಲ್ಲೇ ಮಾಡುವುದಾದರೆ

ಸ್ವಲ್ಪ ಕೆಲಸ ಜಾಸ್ತಿ, ಆದರೆ ಕಷ್ಟವಿಲ್ಲ. ಹಾಲು ಒಡೆಸಿ ಗೊತ್ತಿದ್ದವರಿಗೆ ಅರ್ಧ ಕೆಲಸ ಗೊತ್ತಿದ್ದಂತೆಯೇ.

ಕಾಲು ಕೆಜಿ ಸೋಯಾ ಕಾಳನ್ನು ರಾತ್ರಿ ನೆನೆಸಿ. ಎಂಟರಿಂದ ಹತ್ತು ಗಂಟೆ ಸಾಕು. ಕಾಳನ್ನು ಎರಡು ಹೋಳು ಮಾಡಿ ನೋಡಿ, ಒಳಗೆ ಗಟ್ಟಿ ಇರಬಾರದು. ಒಟ್ಟು ಎರಡು ಲೀಟರ್‌ಗಿಂತ ಸ್ವಲ್ಪ ಕಡಿಮೆ ನೀರು ಇಟ್ಟುಕೊಂಡು, ಅದರಲ್ಲೇ ನುಣ್ಣಗೆ ರುಬ್ಬಿ ತೆಳು ಬಟ್ಟೆಯಲ್ಲಿ ಹಿಂಡಿ. ಬಂದ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಕಾಯಿಸಿ. ಇಲ್ಲೊಂದು ಮೋಸ ಇದೆ. ಸೋಯಾ ಹಾಲು ಕುದಿ ಬರುವ ಮೊದಲೇ ನೊರೆ ಎತ್ತಿಕೊಂಡು ಉಕ್ಕುತ್ತದೆ. ಅದನ್ನು ನೋಡಿ ಕಾದಾಯ್ತು ಅಂತ ಒಲೆ ಆರಿಸಬೇಡಿ. ನೊರೆ ತೆಗೆದು, ಉರಿ ಸಣ್ಣ ಮಾಡಿ, ತಳ ಹಿಡಿಯದಂತೆ ತಿರುವುತ್ತಾ ಎಂಟು ಹತ್ತು ನಿಮಿಷ ನಿಜವಾಗಿ ಕುದಿಸಿ. ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶಗಳಿವೆ. ಅರೆಬೆಂದದ್ದು ತಿಂದರೆ ಹೊಟ್ಟೆ ಕೆಡುತ್ತದೆ.

ಒಲೆ ಆರಿಸಿ ಐದು ನಿಮಿಷ ಬಿಡಿ. ಹಾಲು 75ರಿಂದ 80 ಡಿಗ್ರಿಗೆ ಇಳಿಯಬೇಕು. ಒಡೆಸಲು ನಿಗಾರಿ ಸಿಕ್ಕರೆ ಒಂದೂವರೆ ಟೀ ಚಮಚ ತೆಗೆದುಕೊಂಡು ಮುಕ್ಕಾಲು ಲೋಟ ಬೆಚ್ಚಗಿನ ನೀರಿನಲ್ಲಿ ಕರಗಿಸಿ. ನಿಗಾರಿ ಅಂದರೆ ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ಲವಣ. ಅದು ಸಿಗದಿದ್ದರೆ ಆಹಾರಕ್ಕೆ ಬಳಸಬಹುದು ಅಂತ ಬರೆದಿರುವ ಎಪ್ಸಮ್ ಉಪ್ಪು ಎರಡು ಟೀ ಚಮಚ. ನಿಂಬೆರಸವೂ ಆಗುತ್ತದೆ, ಸಣ್ಣ ಹುಳಿ ಉಳಿಯುತ್ತದೆ ಅಷ್ಟೇ. ಈ ನೀರನ್ನು ಮೂರು ಸಲ ಭಾಗ ಮಾಡಿ ನಿಧಾನ ಸುರಿಯಿರಿ. ಪ್ರತಿ ಸಲ ಸೌಟಿನಿಂದ ಒಂದೆರಡು ಸುತ್ತು ಮಾತ್ರ. ಜೋರಾಗಿ ಕಲಕಿದರೆ ಪುಡಿಪುಡಿಯಾಗುತ್ತದೆ. ಮುಚ್ಚಿಟ್ಟು ಕಾಲು ಗಂಟೆ ಬಿಟ್ಟರೆ ಹಳದಿ ಬಣ್ಣದ ತಿಳಿನೀರಿನಲ್ಲಿ ಬಿಳಿ ತೋಫು ತೇಲುತ್ತಿರುತ್ತದೆ. ತಿಳಿ ಹಾಲಿನಂತೆ ಬೆಳ್ಳಗೇ ಉಳಿದಿದ್ದರೆ ಇನ್ನೊಂದು ಚಮಚ ನಿಗಾರಿ ನೀರು ಹಾಕಿ ಕಾಯಿರಿ.

ತೂತಿನ ಸೌಟಿನಿಂದ ಎತ್ತಿಕೊಳ್ಳಿ. ಅವತ್ತೇ ತಿನ್ನಿ. ಹಿಂಡಿ ಉಳಿದ ಚರಟವನ್ನು ಎಸೆಯಬೇಡಿ. ಕೊರಿಯಾದಲ್ಲಿ ಅದನ್ನು ಬಿಜಿ ಅನ್ನುತ್ತಾರೆ, ಅದರದ್ದೇ ಒಂದು ಜಿಗೆ ಇದೆ. ಕಿಮ್ಚಿ, ಅಂದರೆ ಖಾರ ಹಾಕಿ ಹುಳಿಬರಿಸಿದ ಕೋಸು, ಅದರ ಜೊತೆ ಬೇಯಿಸಿದರೆ ಬಡವರ ಊಟ ಅಂತ ಯಾರೂ ಹೇಳಲಾರರು.

ಬಿಳಿ ಬಟ್ಟಲು

ಕೊರಿಯಾದ ಪೂರ್ವ ಕರಾವಳಿಯಲ್ಲಿ ಗಾಂಗ್‌ವೊನ್ ಪ್ರಾಂತ್ಯದ ಗಾಂಗ್‌ನುಂಗ್ ಅನ್ನೋ ಊರಿದೆ. ಅದರ ಅಂಚಿನಲ್ಲಿ, ಸಮುದ್ರದ ಹತ್ತಿರ, ಪೈನ್ ಮರಗಳ ನಡುವೆ ಚೋದಾಂಗ್ ಹಳ್ಳಿ. ಬೀದಿಯುದ್ದಕ್ಕೂ ತೋಫು ಹೋಟೆಲುಗಳು. ಇಲ್ಲಿ ಸೋಯಾ ಹಾಲನ್ನು ಒಡೆಸುವುದು ಸಮುದ್ರದ ನೀರಿನಿಂದ. ಊರಿಗೆ ಹೆಸರು ಬಂದದ್ದು 16ನೇ ಶತಮಾನದ ಅಧಿಕಾರಿ ಹೊ ಯೊಪ್ (1517–1580) ಅವರಿಂದ. ಚೋದಾಂಗ್ ಅನ್ನೋದು ಅವರ ಕಾವ್ಯನಾಮ. ಊರಿನ ಸಿಹಿ ಬಾವಿ ನೀರಿನಲ್ಲಿ ಸೋಯಾ ಹಾಲು ಮಾಡಿಸಿ, ಸಮುದ್ರದ ನೀರು ಹಾಕಿ ತೋಫು ಮಾಡಿಸಿದ್ದು ಅವರೇ ಅಂತ ಅಲ್ಲಿ ಹೇಳುತ್ತಾರೆ. ಅವರ ಮಗಳು ಹೊ ನಾನ್‌ಸೊಲ್‌ಹೊನ್ ಕೊರಿಯಾದ ದೊಡ್ಡ ಕವಯಿತ್ರಿ. ತೋಫು ತಿಂದು ಹಾಗೇ ನಡೆದುಕೊಂಡು ಹೋಗಿ ಅವರ ಸ್ಮಾರಕವನ್ನೂ ನೋಡಿಬರಬಹುದು. 1950ರ ದಶಕದ ಯುದ್ಧದ ನಂತರ ಇಲ್ಲಿನ ಹೆಂಗಸರು ತೋಫು ಮಾಡಿ ಮಾರಿ ಸಂಸಾರ ಸಾಗಿಸಿದರಂತೆ. ಊರಿನ ವ್ಯಾಪಾರ ಬೆಳೆದದ್ದು ಅಲ್ಲಿಂದ ಅನ್ನುತ್ತಾರೆ.

ಇದನ್ನು ಓದಿ ಮಲ್ಪೆಯಿಂದಲೋ ಕಾರವಾರದಿಂದಲೋ ಬಾಟಲಿಯಲ್ಲಿ ನೀರು ತರಬೇಡಿ. ಅಲ್ಲಿ ಬಳಸುವುದು ಶುದ್ಧ ಮಾಡಿದ ನೀರು. ದಡದ ನೀರು ಅಡುಗೆಗಲ್ಲ.

ಚೋದಾಂಗ್‌ನಲ್ಲಿ ಮೊದಲು ಬರುವುದು ಒಂದು ದೊಡ್ಡ ಬಟ್ಟಲು ತುಂಬ ಬಿಳಿ ಸುಂದುಬು, ಅದರದ್ದೇ ಬಿಸಿ ತಿಳಿಯಲ್ಲಿ. ಖಾರವಿಲ್ಲ, ಒಗ್ಗರಣೆಯಿಲ್ಲ. ಪಕ್ಕದಲ್ಲಿ ಸಣ್ಣ ಬಟ್ಟಲಿನಲ್ಲಿ ಸೋಯಾ ಸಾಸ್‌ನ ಚಟ್ನಿ, ಯಾಂಗ್‌ನ್ಯೊಮ್‌ಜಾಂಗ್. ಅದನ್ನು ಮನೆಯಲ್ಲಿ ಹೀಗೆ ಮಾಡಿ: ಮೂರು ಚಮಚ ಸೋಯಾ ಸಾಸ್, ಒಂದು ಚಮಚ ನೀರು, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು ಎರಡು ಚಮಚ, ಜಜ್ಜಿದ ಬೆಳ್ಳುಳ್ಳಿ ಚೂರು, ಹುರಿದು ಕುಟ್ಟಿದ ಎಳ್ಳು ಒಂದು ಚಮಚ, ಒರಟು ಮೆಣಸಿನಪುಡಿ ಅರ್ಧ ಚಮಚ, ಕೊನೆಗೆ ಎಳ್ಳೆಣ್ಣೆ. ಹತ್ತು ನಿಮಿಷ ಬಿಡಿ. ತೋಫುವನ್ನು ಬಿಸಿ ಮಾಡಿ ಬಟ್ಟಲಿಗೆ ಹಾಕಿ. ಮೊದಲ ಎರಡು ಚಮಚ ಏನೂ ಹಾಕದೆ ತಿನ್ನಿ. ಕಾಳಿನ ಸಣ್ಣ ಸಿಹಿ ಗೊತ್ತಾಗುತ್ತದೆ. ಆಮೇಲೆ ಚಟ್ನಿ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ.

ನಮ್ಮ ನಾಲಿಗೆಗೆ ಇದು ಮೊದಲ ಸಲ ಸಪ್ಪೆ ಅನ್ನಿಸುತ್ತದೆ, ಸುಳ್ಳು ಹೇಳಲ್ಲ. ಆದರೆ ತೋಫು ಹಳೆಯದೋ ತಾಜಾನೋ, ಹಸಿವಾಸನೆ ಇದೆಯೋ ಇಲ್ಲವೋ ಅಂತ ಕಂಡುಹಿಡಿಯಲು ಬೇರೆ ದಾರಿ ಇಲ್ಲ. ಇಲ್ಲಿ ಚೆನ್ನಾಗಿಲ್ಲದ ತೋಫು ಕೆಂಪು ಸಾರಿನಲ್ಲೂ ಚೆನ್ನಾಗಾಗಲ್ಲ.

ಸಾರಿನ ನೀರು

ಕೆಂಪು ಜಿಗೆಗೆ ಬರೀ ನೀರು ಸಾಲದು. ಕೊರಿಯಾದ ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಒಣ ಮೀನು ಮತ್ತು ದಾಶಿಮಾ ಅನ್ನೋ ಒಣ ಕಡಲಪಾಚಿ ಹಾಕಿ ಕುದಿಸಿದ ನೀರು. ಮೀನು ಅಂದರೆ ಮ್ಯೊಲ್ಚಿ, ನಮ್ಮ ಕರಾವಳಿಯ ಕೊಲ್ಲತ್ತರು ಜಾತಿಯದ್ದು. ಸಾರಿಗೆ ದೊಡ್ಡ ಗಾತ್ರದ್ದೇ ಬೇಕು. ತಲೆ ಮುರಿದು, ಹೊಟ್ಟೆಯ ಕಪ್ಪು ಭಾಗ ಕಿತ್ತು ಹಾಕಿ. ಅದನ್ನು ಬಿಟ್ಟರೆ ಸಾರು ಕಹಿ. ಒಂದು ಲೀಟರ್ ನೀರಿಗೆ ಹದಿನೈದು ಮೀನು, ಅಂಗೈ ಅಗಲದ ದಾಶಿಮಾ ಒಂದು ತುಂಡು, ನಾಲ್ಕೈದು ಬಿಲ್ಲೆ ಮೂಲಂಗಿ.

ಮೀನನ್ನು ಒಣ ಬಾಣಲೆಯಲ್ಲಿ ಒಂದು ನಿಮಿಷ ಹುರಿದರೆ ಮೀನಿನ ನಾತ ಹೋಗುತ್ತದೆ. ಎಲ್ಲವನ್ನೂ ತಣ್ಣೀರಿಗೆ ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ನಂತರ ಮುಚ್ಚಳ ಹಾಕದೆ ಕುದಿಸಿ. ಕುದಿ ಬಂದು ಐದು ನಿಮಿಷಕ್ಕೆ ದಾಶಿಮಾ ತೆಗೆದುಬಿಡಿ, ಇಲ್ಲದಿದ್ದರೆ ಲೋಳೆ ಬಿಡುತ್ತದೆ. ಮೀನು ಇನ್ನೊಂದು ಹತ್ತು ನಿಮಿಷ ಕುದಿಯಲಿ. ಸೋಸಿ. ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಕಡಲಪಾಚಿಯ ಗ್ಲುಟಮೇಟ್ ಮತ್ತು ಮೀನಿನ ಇನೋಸಿನೇಟ್ ಎರಡೂ ಸೇರಿದಾಗ ಒಂದೊಂದೇ ಇದ್ದಾಗಿನ ರುಚಿಗಿಂತ ಎಷ್ಟೋ ಪಾಲು ಗಾಢವಾದ ರುಚಿ ಬರುತ್ತದೆ. ಅದಕ್ಕೇ ಈ ಜೋಡಿ.

ಮಂಗಳೂರು, ಉಡುಪಿ ಕಡೆಯ ಒಣ ಮೀನು ಬಳಸುವುದಾದರೆ ಎರಡು ಸಲ ತೊಳೆಯಿರಿ. ಮರಳಿರಬಹುದು, ಉಪ್ಪೂ ಜಾಸ್ತಿ. ಒಂದು ಹಿಡಿ ಒಣ ಸಿಗಡಿ ಸೇರಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಉಪಾಯ ಕೊರಿಯಾದ ಅಜ್ಜಿಯರದ್ದು. ಅಕ್ಕಿ ತೊಳೆದ ಮೊದಲ ನೀರು ಚೆಲ್ಲಿ, ಎರಡನೆಯದನ್ನೋ ಮೂರನೆಯದನ್ನೋ ಎತ್ತಿಟ್ಟುಕೊಂಡು ಜಿಗೆಗೆ ಹಾಕುತ್ತಾರೆ. ಸಾರು ಸ್ವಲ್ಪ ಮಂದವಾಗುತ್ತದೆ, ಖಾರ ಒರಟಾಗಿ ಹೊಡೆಯಲ್ಲ. ನಮ್ಮಲ್ಲಿ ಅಕ್ಕಚ್ಚು ಅಂತ ದನಕ್ಕೆ ಇಡುವ ನೀರು ಇದೇ ಅಲ್ವಾ.

ಖಾರದ ವಿಷಯ

ಕೊರಿಯಾದ ಮೆಣಸಿನಪುಡಿ ಗೋಚುಗಾರು. ಬೀಜ ತೆಗೆದು ಒರಟಾಗಿ ಕುಟ್ಟಿದ್ದು, ಬಣ್ಣ ಜಾಸ್ತಿ, ಖಾರ ಕಡಿಮೆ, ಒಂದು ಸಣ್ಣ ಸಿಹಿ. ಇದಕ್ಕೆ ತೀರಾ ಹತ್ತಿರದ್ದು ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ. ಇದಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಬಣ್ಣ ಮತ್ತು ಮಂದ ಖಾರಕ್ಕೇ ಹೆಸರಾದ ಕಾಯಿ. ತೊಟ್ಟು, ಬೀಜ ತೆಗೆದು, ಬಿಸಿಲಿಗೆ ಗರಿಗರಿ ಮಾಡಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತರಿತರಿಯಾಗಿ ತಿರುಗಿಸಿ. ಚಿಟಿಕೆ ಸಕ್ಕರೆ ಸೇರಿಸಿದರೆ ಆಯಿತು. ಗುಂಟೂರು ಕಾಯಿ ಬೇಡ. ಬಣ್ಣ ಬರುವಷ್ಟು ಹಾಕಿದರೆ ತಿನ್ನಲು ಆಗಲ್ಲ.

ಗೋಚುಜಾಂಗ್, ಅಂದರೆ ಹುಳಿಬರಿಸಿದ ಮೆಣಸಿನ ಪೇಸ್ಟ್, ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಬೇಡ. ಅದು ಸಿಹಿ, ಅಂಟು. ಸಾರು ಗೊಜ್ಜಿನ ಕಡೆ ಹೋಗುತ್ತದೆ. ಹಾಕುವವರಿದ್ದಾರೆ, ಅರ್ಧ ಚಮಚ ಮೀರಬೇಡಿ.

ಎಳ್ಳೆಣ್ಣೆಯಲ್ಲೂ ವ್ಯತ್ಯಾಸ ಇದೆ. ಕೊರಿಯಾದಲ್ಲಿ ಎಳ್ಳನ್ನು ಚೆನ್ನಾಗಿ ಹುರಿದು ಆಮೇಲೆ ಎಣ್ಣೆ ತೆಗೆಯುತ್ತಾರೆ. ಹಾಗಾಗಿ ಕಂದು ಬಣ್ಣ, ಗಮಗಮ ಪರಿಮಳ, ಒಂದು ಚಮಚ ಸಾಕು. ನಮ್ಮ ಗಾಣದ ಎಳ್ಳೆಣ್ಣೆ ಸಾಮಾನ್ಯವಾಗಿ ಹುರಿಯದ ಎಳ್ಳಿನದ್ದು. ಹುರಿಯಲು ಅದನ್ನೇ ಬಳಸಿ, ಪರಿಮಳಕ್ಕೆ ಹುರಿದು ಕುಟ್ಟಿದ ಎಳ್ಳನ್ನು ಕೊನೆಗೆ ಉದುರಿಸಿ.

ಪಾತ್ರೆ

ಕಪ್ಪು ಮಣ್ಣಿನ ಬಟ್ಟಲಿನ ಹೆಸರು ತುಕ್‌ಬೆಗಿ. ಒಲೆಯಿಂದ ಇಳಿಸಿದ ಮೇಲೂ ಕೆಲವು ನಿಮಿಷ ಕುದಿಯುತ್ತಲೇ ಇರುತ್ತದೆ. ನಿಮ್ಮ ಮನೆಯಲ್ಲಿ ಬಳಪದ ಕಲ್ಲಿನ ಪಾತ್ರೆಯೋ ಮೀನುಸಾರಿನ ಮಣ್ಣಿನ ಮಡಕೆಯೋ ಇದ್ದರೆ ಅದೇ ಸಾಕು. ಒಂದೇ ಸಲ ದೊಡ್ಡ ಉರಿಗೆ ಇಡಬೇಡಿ, ಬಿರುಕು ಬಿಡುತ್ತದೆ. ಸೋಪು ಹಾಕಿ ತೊಳೆಯುವುದೂ ಬೇಡ, ಮಣ್ಣು ಹೀರಿಕೊಳ್ಳುತ್ತದೆ. ಏನೂ ಇಲ್ಲದಿದ್ದರೆ ದಪ್ಪ ತಳದ ಸಣ್ಣ ಸ್ಟೀಲ್ ಪಾತ್ರೆ.

ಕೆಂಪು ಸುಂದುಬು ಜಿಗೆ, ಹಂತ ಹಂತವಾಗಿ

ಇದು ಒಂದು ಬಟ್ಟಲಿನ ಅಳತೆ. ಒಬ್ಬರಿಗೆ ಹೊಟ್ಟೆ ತುಂಬ, ಇಬ್ಬರಿಗೆ ಬೇರೆ ಪಲ್ಯ ಇದ್ದರೆ ಸಾಕು. ಮಾಂಸ, ಚಿಪ್ಪು ಯಾವುದು ಬೇಕೋ ಅದು.

1. ಬಟ್ಟಲನ್ನು ಸಣ್ಣ ಉರಿಯಲ್ಲಿ ಇಟ್ಟು ಒಂದು ದೊಡ್ಡ ಚಮಚ ಎಣ್ಣೆ, ಒಂದು ಟೀ ಚಮಚ ಎಳ್ಳೆಣ್ಣೆ ಹಾಕಿ. ಕಾಲು ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ. ಕೊರಿಯಾದಲ್ಲಿ ಇಲ್ಲಿ 50 ಗ್ರಾಂನಷ್ಟು ಹಂದಿಮಾಂಸ ಅಥವಾ ದನದ ಮಾಂಸದ ಕೈಮಾ ಹಾಕುತ್ತಾರೆ. ಕೋಳಿ ರೂಢಿಯಲ್ಲಿಲ್ಲ, ಆದರೆ ಕೈಮಾ ಮಾಡಿ ಹಾಕಿದರೆ ಕೆಡುವುದೇನೂ ಇಲ್ಲ. ಎರಡು ನಿಮಿಷ ಹುರಿಯಿರಿ.

2. ಉರಿ ತೀರಾ ಕಡಿಮೆ ಮಾಡಿ. ಜಜ್ಜಿದ ಬೆಳ್ಳುಳ್ಳಿ ಒಂದು ಟೀ ಚಮಚ, ಮೆಣಸಿನಪುಡಿ ಒಂದೂವರೆ ದೊಡ್ಡ ಚಮಚ. ಅರ್ಧ ನಿಮಿಷ ತಿರುವಿ. ಎಣ್ಣೆ ಕೆಂಪಗೆ ಬಿಟ್ಟುಕೊಳ್ಳಬೇಕು. ಪುಡಿ ಕಂದು ಬಣ್ಣಕ್ಕೆ ತಿರುಗಿದರೆ ಸುಟ್ಟಿತು ಅಂತ ಅರ್ಥ. ಆಗ ಬಟ್ಟಲು ಒರೆಸಿ ಮತ್ತೆ ಶುರು ಮಾಡುವುದೇ ಒಳ್ಳೆಯದು, ಆ ಕಹಿ ಯಾವುದಕ್ಕೂ ಹೋಗಲ್ಲ.

3. ಸಾರಿನ ನೀರು 200 ಮಿಲಿ ಮಾತ್ರ ಸುರಿಯಿರಿ. ಇಷ್ಟೇ ಇಷ್ಟಾ ಅನ್ನಿಸುತ್ತದೆ. ತೋಫು ತನ್ನ ಪಾಲಿನ ನೀರು ಬಿಡುತ್ತದೆ, ಕಾಯಿರಿ. ಸೋಯಾ ಸಾಸ್ ಎರಡು ಟೀ ಚಮಚ. ಕೊರಿಯಾದಲ್ಲಿ ಸಾರಿಗೆಂದೇ ಉಪ್ಪು ಜಾಸ್ತಿ ಇರುವ, ಬಣ್ಣ ತಿಳಿಯಾದ ಸೋಯಾ ಸಾಸ್ ಇದೆ. ಮಾಮೂಲಿಯದ್ದು ಬಳಸಿದರೆ ಕಡಿಮೆ ಹಾಕಿ ಉಪ್ಪಿನಿಂದ ಸರಿ ಮಾಡಿ, ಇಲ್ಲದಿದ್ದರೆ ಸಾರು ಕಪ್ಪಗಾಗುತ್ತದೆ. ಉಪ್ಪು ಹಾಕಿ ಹುಳಿಬರಿಸಿದ ಪುಟ್ಟ ಸಿಗಡಿ, ಸೆಉಜೊತ್, ಅರ್ಧ ಚಮಚ ಸಿಕ್ಕರೆ ರುಚಿ ಬೇರೆ ಮಟ್ಟಕ್ಕೆ ಹೋಗುತ್ತದೆ.

4. ಮೂರು ನಿಮಿಷ ಕುದಿಸಿ ರುಚಿ ನೋಡಿ. ಈ ಹಂತದಲ್ಲಿ ಉಪ್ಪು ಖಾರ ಎರಡೂ ಒಂದು ಚೂರು ಜಾಸ್ತಿ ಅನ್ನಿಸಬೇಕು. ಸರಿಯಾಗಿದೆ ಅನ್ನಿಸಿದರೆ ತೋಫು ಹಾಕಿದ ಮೇಲೆ ಸಪ್ಪೆಯಾಗುತ್ತದೆ. ಮೊದಲೇ ಹೇಳಿದ ನೀರುನೀರು ದೂರು ಹುಟ್ಟುವುದು ಇಲ್ಲಿಂದಲೇ.

5. ತರಕಾರಿ ಹಾಕಿ. ಜುಕಿನಿ ನಾಲ್ಕೈದು ಹೋಳು, ಒಂದು ಹಿಡಿ ಅಣಬೆ. ಎಳೆ ಸೋರೆಕಾಯಿಯೂ ಆಗುತ್ತದೆ. ಚಿಪ್ಪು, ಸಿಗಡಿ ಹಾಕುವುದಿದ್ದರೆ ಈಗಲೇ.

6. ತೋಫು. ಕೊಳವೆಯ ನಡುವೆ ಕತ್ತರಿಸಿ ಎರಡೂ ಕಡೆಯಿಂದ ಜಾರಿಸಿ ಬೀಳಿಸಿ. ದೊಡ್ಡ ಚಮಚದಲ್ಲಿ ಮೂರ್ನಾಲ್ಕು ತುಂಡು ಮಾಡಿ, ಅಷ್ಟೇ. ಕಲಕಬೇಡಿ. ಸಾರು ಮೇಲಕ್ಕೆ ಬರಬೇಕಾದರೆ ಚಮಚದಲ್ಲಿ ಎತ್ತಿ ತೋಫು ಮೇಲೆ ಸುರಿಯಿರಿ. ತೋಫು ಸಾರಿನಲ್ಲಿ ಪೂರ್ತಿ ಮುಳುಗಬಾರದು, ತಲೆ ಹೊರಗಿರಲಿ. ಮೂರರಿಂದ ನಾಲ್ಕು ನಿಮಿಷ ಕುದಿಸಿ. ಒಳಗಿನವರೆಗೂ ಬಿಸಿಯಾಗಬೇಕು, ಒಡೆಯಬಾರದು.

7. ಈರುಳ್ಳಿ ಸೊಪ್ಪು, ಒಂದು ಹಸಿಮೆಣಸಿನಕಾಯಿ ಓರೆಯಾಗಿ ಹೆಚ್ಚಿದ್ದು, ಕಾಳುಮೆಣಸಿನ ಪುಡಿ. ಕುದಿಯುತ್ತಿರುವಾಗಲೇ ನಡುವೆ ಮೊಟ್ಟೆ ಒಡೆದು ಹಾಕಿ ತಕ್ಷಣ ಮೇಜಿಗೆ ತನ್ನಿ. ಕೊರಿಯಾದಲ್ಲಿ ಹಸಿಮೊಟ್ಟೆಯನ್ನೇ ಮೇಜಿನ ಮೇಲೆ ಒಡೆದು ಹಾಕಿಕೊಳ್ಳುತ್ತಾರೆ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇದ್ದರೆ ಮುಚ್ಚಳ ಹಾಕಿ ಪೂರ್ತಿ ಬೇಯಿಸಿಯೇ ಕೊಡಿ.

ಒಂದೇ ಬಟ್ಟಲು, ಹಲವು ದಾರಿ

*ಕಡಲಿನದ್ದು.* ಕೊರಿಯಾದಲ್ಲಿ ಬಾಜಿರಾಕ್ ಅನ್ನೋ ಪುಟ್ಟ ಚಿಪ್ಪು ಹಾಕುತ್ತಾರೆ, ನಮ್ಮ ಕರಾವಳಿಯವರಿಗೆ ಮರುವಾಯಿ ಇದೆ. ಲೀಟರ್ ನೀರಿಗೆ 30 ಗ್ರಾಂ ಉಪ್ಪು ಕರಗಿಸಿ, ಚಿಪ್ಪುಗಳನ್ನು ಅದರಲ್ಲಿ ಎರಡು ಗಂಟೆ ಕತ್ತಲಲ್ಲಿ ಇಡಿ. ಮರಳು ಬಿಡುತ್ತವೆ. ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ಎಸೆಯಿರಿ. ಚಿಪ್ಪು ಹಾಕಿದರೆ ಉಪ್ಪು ಕಡಿಮೆ ಮಾಡಿ, ಅದರದ್ದೇ ಉಪ್ಪಿರುತ್ತದೆ. ಚಳಿಗಾಲದಲ್ಲಿ ಅಲ್ಲಿ ಸಿಂಪಿ ಹಾಕಿದ ಸುಂದುಬು ಬರುತ್ತದೆ. ಸಿಂಪಿಯನ್ನು ಕೊನೆಗೆ ಹಾಕಿ, ಅಂಚು ಸುರುಟಿಕೊಂಡು ಒಳಗಿನವರೆಗೂ ಬೆಂದ ಕೂಡಲೇ ಇಳಿಸಿ. ಜಾಸ್ತಿ ಹೊತ್ತು ಕುದಿಸಿದರೆ ರಬ್ಬರಾಗುತ್ತದೆ. ನನಗೆ ಎಲ್ಲ ಬಗೆಗಳಲ್ಲಿ ಹೆಚ್ಚು ಇಷ್ಟ ಬರೀ ಚಿಪ್ಪಿನದ್ದೇ. ಮಾಂಸವೂ ಸೇರಿದರೆ ಎರಡು ರುಚಿಗಳು ಜಗಳ ಆಡುತ್ತವೆ.

*ಕಿಮ್ಚಿ.* ಹೊಸ ಕಿಮ್ಚಿ ಬೇಡ. ಹುಳಿ ಬಂದು "ಇದನ್ನು ಇನ್ನೇನು ಮಾಡೋದು" ಅನ್ನಿಸುವಂಥದ್ದು ಬೇಕು. ಮೊದಲ ಹಂತದಲ್ಲೇ ಎಣ್ಣೆಯಲ್ಲಿ ನಾಲ್ಕೈದು ನಿಮಿಷ ಬಾಡಿಸಿ. ಕಿಮ್ಚಿಯ ರಸ ಎರಡು ಚಮಚ ಸಾರಿಗೆ. ಹುಳಿ ಜಾಸ್ತಿಯಾದರೆ ಚಿಟಿಕೆ ಸಕ್ಕರೆ. ಸಾರಿನ ನೀರು ಮಾಡಲು ಸಮಯ ಇಲ್ಲದ ದಿನ ಇದೇ ಸರಿ, ಹಳೆಯ ಕಿಮ್ಚಿಯೇ ರುಚಿ ತರುತ್ತದೆ.

*ದೆಲ್‌ಕೆ.* ಪೆರಿಲ್ಲಾ ಅನ್ನೋ ತುಳಸಿ ಕುಟುಂಬದ ಗಿಡದ ಬೀಜದ ಪುಡಿ ಹಾಕಿದ ಬಿಳಿ ಸುಂದುಬು. ಮೆಣಸಿನಪುಡಿ ಇಲ್ಲ. ಅಣಬೆ, ಸಾರಿನ ನೀರು, ತೋಫು, ಕೊನೆಗೆ ಮೂರು ಚಮಚ ಪುಡಿ. ಸಾರು ಗಟ್ಟಿಯಾಗಿ ಘಮ್ಮೆನ್ನುತ್ತದೆ. ಮಕ್ಕಳಿಗೆ ಇದನ್ನೇ ಕೊಡಿ. ಪೆರಿಲ್ಲಾ ಸಿಗದಿದ್ದರೆ ಬಿಳಿ ಎಳ್ಳು ಹುರಿದು ಪುಡಿ ಮಾಡಿ. ಹುಚ್ಚೆಳ್ಳು ಹಾಕಬಹುದಲ್ಲ ಅಂತ ಉತ್ತರ ಕರ್ನಾಟಕದವರು ಕೇಳಬಹುದು. ಹಾಕಬಹುದು, ಆದರೆ ಬಟ್ಟಲು ಕಪ್ಪಗಾಗಿ ಬೇರೆಯೇ ಅಡುಗೆ ಆಗುತ್ತದೆ.

*ಜಾಮ್‌ಪೋಂಗ್ ಸುಂದುಬು.* ಇದು ಗಾಂಗ್‌ನುಂಗ್‌ನ ಹೊಸ ಕಾಲದ ಹುಚ್ಚು. ಜಾಮ್‌ಪೋಂಗ್ ಅನ್ನೋದು ಕೊರಿಯಾದ ಚೀನೀ ಹೋಟೆಲುಗಳ ಖಾರದ ನೂಡಲ್ಸ್ ಸಾರು. ಅದರಲ್ಲಿ ನೂಡಲ್ಸ್ ಬದಲು ಚೋದಾಂಗ್ ತೋಫು. ಕೋಸು, ಈರುಳ್ಳಿ, ಸಿಗಡಿ, ಬೊಂಡಾಸ್ (ಸ್ಕ್ವಿಡ್) ಎಲ್ಲವನ್ನೂ ದೊಡ್ಡ ಉರಿಯಲ್ಲಿ ಬಾಣಲೆಯಲ್ಲಿ ಹೊಗೆ ಬರುವಂತೆ ಹುರಿದು ಆಮೇಲೆ ಸಾರು ಸುರಿಯಬೇಕು. ಮಣ್ಣಿನ ಬಟ್ಟಲಿನಲ್ಲಿ ಆಗುವ ಕೆಲಸ ಅಲ್ಲ. ಅದೇ ಊರಿನಲ್ಲಿ ಸುಂದುಬು ಜೆಲಾಟೊ ಕೂಡ ಮಾರುತ್ತಾರೆ, ಊಟ ಆದ ಮೇಲೆ ಸಾಲು ನಿಂತಿರುತ್ತಾರೆ.

ಸಾಸೇಜು, ಚೀಸು, ಮಂಡು ಅಂದರೆ ಕಡುಬಿನಂಥದ್ದು, ಇನ್‌ಸ್ಟಂಟ್ ರಾಮ್ಯೊನ್, ಕರಿ ಪುಡಿ, ಎಲ್ಲವನ್ನೂ ಹಾಕಿದ ಸುಂದುಬು ಸಿಗುತ್ತದೆ. ರಾಮ್ಯೊನ್ ಹಾಕಿದರೆ ಸಾರು ಇನ್ನೊಂದು ಲೋಟ ಬೇಕು, ನೂಡಲ್ಸ್ ಹೀರಿಕೊಳ್ಳುತ್ತದೆ. ಚೀಸಿನ ಬಗ್ಗೆ ನಾನೇನೂ ಹೇಳಲ್ಲ, ಇಷ್ಟಪಡುವವರು ಇಷ್ಟಪಡಲಿ.

ಮೀನು, ಮಾಂಸ ಬೇಡ ಅನ್ನುವವರಿಗೆ

ತೋಫು ಸಾರು ಅಂದಮೇಲೆ ಸಸ್ಯಾಹಾರ ಅಂದುಕೊಂಡು ಹೋಟೆಲಿನಲ್ಲಿ ಆರ್ಡರ್ ಮಾಡಬೇಡಿ. ಅಣಬೆ ಸುಂದುಬು ಅಂತ ಬರೆದಿದ್ದರೂ ಸಾರು ಮೀನಿನದ್ದೋ ಮೂಳೆಯದ್ದೋ ಆಗಿರುತ್ತದೆ. ಪಕ್ಕದಲ್ಲಿ ಬರುವ ಕಿಮ್ಚಿಯಲ್ಲೂ ಸಿಗಡಿ ಅಥವಾ ಮೀನಿನ ರಸ ಇರುತ್ತದೆ. "ಗೋಗಿ ಪೆಜುಸೆಯೊ" ಅಂದರೆ ಮಾಂಸ ತೆಗೆಯಿರಿ ಅಂತ. ಹಾಗಂದರೆ ತುಂಡು ಮಾತ್ರ ತೆಗೆಯುತ್ತಾರೆ, ಸಾರು ಅದೇ. ಸಾರು ಯಾವುದರದ್ದು ಅಂತ ಬೇರೆಯಾಗಿ ಕೇಳಲೇಬೇಕು.

ಮನೆಯಲ್ಲಿ ಇದು ಸುಲಭ. ನಾಲ್ಕು ಒಣ ಶಿಟಾಕೆ ಅಣಬೆ, ಒಂದು ತುಂಡು ದಾಶಿಮಾ, ಮೂಲಂಗಿ, ಒಂದು ಲೀಟರ್ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಒಂದು ಕುದಿ ಬರಿಸಿ. ಒಣ ಅಣಬೆಯೇ ಬೇಕು, ಹಸಿಯದರಲ್ಲಿ ಆ ರುಚಿ ಇಲ್ಲ. ನೆನೆದ ಅಣಬೆಯನ್ನು ಹೆಚ್ಚಿ ಮಾಂಸದ ಜಾಗದಲ್ಲಿ ಎಣ್ಣೆಯಲ್ಲಿ ಹುರಿಯಿರಿ. ಮೊಟ್ಟೆ ಬಿಡಿ. ಯಾವುದೂ ಕಡಿಮೆ ಅನ್ನಿಸಲ್ಲ.

ಈರುಳ್ಳಿ ಬೆಳ್ಳುಳ್ಳಿಯೂ ಬೇಡವೇ? ಕೊರಿಯಾದ ಬೌದ್ಧ ಮಠಗಳ ಅಡುಗೆಯಲ್ಲೂ ಬೇಡ. ಅಲ್ಲಿ ಐದು ಘಾಟಿನ ಪದಾರ್ಥಗಳನ್ನು ಬಿಡುತ್ತಾರೆ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಸೊಪ್ಪುಗಳ ಜೊತೆ ಆ ಪಟ್ಟಿಯಲ್ಲಿ ಇಂಗೂ ಇದೆ! ನಮ್ಮ ಮನೆಗಳಲ್ಲಿ ಬೆಳ್ಳುಳ್ಳಿ ಬಿಟ್ಟವರು ಮೊದಲು ಕೈ ಹಾಕುವುದೇ ಇಂಗಿನ ಡಬ್ಬಿಗೆ. ಮಠದ ರೀತಿಯಲ್ಲಿ ಮಾಡಬೇಕಾದರೆ ಇವು ಯಾವುದೂ ಇಲ್ಲದೆ ಅಣಬೆ, ಶುಂಠಿ, ಪೆರಿಲ್ಲಾ ಇಷ್ಟರಲ್ಲೇ ಮಾಡಿ. ದೆಲ್‌ಕೆ ಸುಂದುಬು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಹೋಟೆಲಿನಲ್ಲಿ

ಖಾರ ಎಷ್ಟು ಬೇಕು, ಒಳಗೆ ಏನು ಬೇಕು ಅಂತ ಆರಿಸಿಕೊಳ್ಳುವ, ಜೊತೆಗೆ ಬಿಸಿ ಕಲ್ಲಿನ ಪಾತ್ರೆಯಲ್ಲಿ ಅನ್ನ ಬರುವ ಊಟಕ್ಕೆ ಜಗತ್ತಿನಾದ್ಯಂತ ಹೆಸರು ತಂದದ್ದರಲ್ಲಿ ಲಾಸ್ ಏಂಜಲೀಸ್‌ನ ಪಾತ್ರ ದೊಡ್ಡದು. ಅಲ್ಲಿನ ಕೊರಿಯಾಟೌನ್‌ನಲ್ಲಿ 1986ರಲ್ಲಿ ಮೋನಿಕಾ ಲೀ ಅವರು ಬೆವರ್ಲಿ ಸೂನ್ ತೋಫು ತೆರೆದರು. 1996ರಲ್ಲಿ ಲೀ ಹೀ ಸುಕ್ ಅವರು ಸಿಯೋಲ್‌ನ ಬುಕ್‌ಚಾಂಗ್‌ದೊಂಗ್ ಬಡಾವಣೆಯ ಹೆಸರಿನಲ್ಲಿ ಬಿಸಿಡಿ ತೋಫು ಹೌಸ್ ಶುರು ಮಾಡಿದರು, ಅದು ಹಲವು ಊರುಗಳಿಗೆ ಹಬ್ಬಿತು. 2020ರಲ್ಲಿ ಬೆವರ್ಲಿ ಸೂನ್ ತೋಫು ಮುಚ್ಚಿತು, ಅದೇ ವರ್ಷ ಲೀ ಹೀ ಸುಕ್ ತೀರಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಲ್ಲಿ ಬಹಳ ಜನ ಸುಂದುಬುವನ್ನು ಮೊದಲು ತಿಂದಿರುವುದು ಇಂಥ ಹೋಟೆಲುಗಳಲ್ಲೇ ಇರಬೇಕು.

ಕೂತ ಕೂಡಲೇ ಬಾಂಚಾನ್ ಬರುತ್ತದೆ. ಸಣ್ಣ ಸಣ್ಣ ತಟ್ಟೆಗಳಲ್ಲಿ ಕಿಮ್ಚಿ, ಪಲ್ಯ, ಮೊಳಕೆಕಾಳು. ಮುಗಿದರೆ ಕೇಳಿ, ಸಾಮಾನ್ಯವಾಗಿ ಮತ್ತೆ ಕೊಡುತ್ತಾರೆ, ದುಡ್ಡಿಲ್ಲ. ಖಾರ ಬೇಡದಿದ್ದರೆ "ಆನ್ ಮೆಪ್‌ಕೆ ಹೆ ಜುಸೆಯೊ" ಅನ್ನಿ. ಅನ್ನವನ್ನು ಒಂದೇ ಸಲ ಬಟ್ಟಲಿಗೆ ಸುರಿದು ಕಲಸಬೇಡಿ. ಅದು ನಮ್ಮ ಕೈ ಅಭ್ಯಾಸ, ಆದರೆ ಇಲ್ಲಿ ತೋಫು ಅನ್ನದೊಳಗೆ ಕಳೆದುಹೋಗುತ್ತದೆ. ಚಮಚದಲ್ಲಿ ಅನ್ನ ತೆಗೆದುಕೊಂಡು ಸಾರಿನಲ್ಲಿ ಅದ್ದಿ, ಅದರ ಮೇಲೆ ತೋಫು ಚೂರು ಇಟ್ಟುಕೊಂಡು ತಿನ್ನಿ. ಮೊದಲ ಚಮಚವನ್ನು ಊದಿ ಊದಿ ತಿನ್ನಿ. ತೋಫು ಮೇಲೆ ತಣ್ಣಗಿದ್ದಂತೆ ಕಾಣುತ್ತದೆ, ಒಳಗೆ ಬೆಂಕಿ.

ಅನ್ನ ಕಲ್ಲಿನ ಪಾತ್ರೆಯಲ್ಲಿ ಬಂದಿದ್ದರೆ ಮೊದಲೇ ಅನ್ನವನ್ನು ಬೇರೆ ಬಟ್ಟಲಿಗೆ ತೆಗೆದುಕೊಂಡು, ತಳಕ್ಕೆ ಅಂಟಿದ ಸೀಕಿನ ಮೇಲೆ ಬಿಸಿನೀರು ಸುರಿದು ಮುಚ್ಚಿಡಿ. ಊಟ ಮುಗಿಯುವಷ್ಟರಲ್ಲಿ ಗಂಜಿಯಂತಾಗಿರುತ್ತದೆ. ಖಾರ ತಿಂದ ಬಾಯಿಗೆ ಅದು ಹಿತ. ಮನೆಯಲ್ಲಾದರೆ ಬಾಸ್ಮತಿ ಬೇಡ. ಸೋನಾ ಮಸೂರಿಗೆ ಸ್ವಲ್ಪ ನೀರು ಜಾಸ್ತಿ ಇಟ್ಟು ಮೆತ್ತಗೆ ಮಾಡಿ.

ಮಿಕ್ಕಿದ್ದನ್ನು ಏನು ಮಾಡುವುದು

ಸುಂದುಬು ಜಿಗೆ ಮಾಡಿದ ತಕ್ಷಣ ತಿನ್ನಬೇಕಾದದ್ದು. ಎರಡನೇ ಸಲ ಬಿಸಿ ಮಾಡಿದರೆ ತೋಫು ಇನ್ನಷ್ಟು ನೀರು ಬಿಟ್ಟು ರಂಧ್ರ ರಂಧ್ರವಾಗುತ್ತದೆ. ನೆಂಟರು ಬರುವ ದಿನ ಮೂರನೇ ಹಂತದವರೆಗಿನ ಕೆಂಪು ಸಾರನ್ನು ಬೆಳಿಗ್ಗೆಯೇ ಮಾಡಿ ಫ್ರಿಜ್‌ನಲ್ಲಿ ಇಟ್ಟುಕೊಳ್ಳಿ. ತಿನ್ನುವ ಹತ್ತು ನಿಮಿಷ ಮೊದಲು ಕುದಿಸಿ ತೋಫು ಹಾಕಿ. ಬರೀ ಕೆಂಪು ಎಣ್ಣೆ ಮಸಾಲೆ ಮಾಡಿ ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿಟ್ಟರೆ ತಿಂಗಳು ಇರುತ್ತದೆ. ಒಂದು ಬಟ್ಟಲಿಗೆ ಎರಡು ಚೌಕ ಸಾಕು.

ಆದರೂ ತಳದಲ್ಲಿ ಸಾರು ಉಳಿದಿದ್ದರೆ ಒಂದು ಹಿಡಿ ಅನ್ನ, ಚೂರು ಹೆಚ್ಚಿದ ಕಿಮ್ಚಿ ಹಾಕಿ ಸಣ್ಣ ಉರಿಯಲ್ಲಿ ಇಂಗುವ ತನಕ ತಿರುವಿ. ಒಣ ಕಡಲಪಾಚಿಯ ಹಾಳೆ ಪುಡಿ ಮಾಡಿ ಉದುರಿಸಿ, ಒಂದು ಹನಿ ಎಳ್ಳೆಣ್ಣೆ. ಮೊಟ್ಟೆ ಹಸಿಯಾಗಿ ಹಾಕಿದ್ದ ಸಾರು ಮಾತ್ರ ಮಾರನೇ ದಿನಕ್ಕೆ ಇಡಬೇಡಿ.